ಮಾಸ್ತರ ಬಂದೂಕಿನ ಬಾರು

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಮನೆಯಲ್ಲಿ ಬಂದೂಕು ಕೆಳಗಿಳಿಯುತ್ತದೆ. ಲೈಸೆನ್ಸ್ ಇದ್ದವರೆಲ್ಲ ಮತದಾನ ಮುಗಿಯುವ ತನಕ ಅದನ್ನು ಪೊಲೀಸ್ ಠಾಣೆಯಲ್ಲಿಟ್ಟು ಬರಬೇಕು. ಇವತ್ತು ಬೆಳಿಗ್ಗೆ ಅದನ್ನು ಗೋಡೆಯ ಗೂಟದಿಂದ ಇಳಿಸಿ, ಹಳೆ ಬನಿಯನ್ ತುಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತ ಕೂತಿದ್ದೆ. ನಳಿಗೆಯ ಬಾಯಿಂದ ಒಂದು ವಾಸನೆ ಬಂತು. ಸುಟ್ಟ ಮದ್ದು, ತುಕ್ಕು, ಅದರ ಹಿಂದೆ ಎಲ್ಲೋ ಒಂದಿಷ್ಟು ಮೆಣಸಿನಕಾಯಿ. ಇಷ್ಟು ವರ್ಷದ ಮೇಲೆ ಮೆಣಸಿನ ಘಾಟು ಉಳಿದಿರಲು ಸಾಧ್ಯವಿಲ್ಲ, ನನಗೂ ಗೊತ್ತು. ಆದರೂ ಸೀನು ಬಂತು. ನೀವು ನಂಬದಿದ್ದರೆ ಬಿಡಿ, ನಮ್ಮ ಮಾಸ್ತರೂ ನಂಬಲಿಲ್ಲ.

ಮಾಸ್ತರು ಅಂದರೆ ನನ್ನ ಗಂಡ. ಶಹಾಪುರ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರೆಲ್ಲ ಕರೆಯುವ ಹಾಗೆಯೇ ನಾನೂ ಮಾಸ್ತರು ಎನ್ನುತ್ತೇನೆ; ಹೆಸರು ಹಿಡಿದು ಕರೆಯುವಂತಿರಲಿಲ್ಲ, ಬೇರೆ ಯಾವುದೂ ನಾಲಿಗೆಗೆ ಒಗ್ಗಲಿಲ್ಲ. ಇರುವೆಸಾಲು ಕಂಡರೆ ನಿಂತು, ದಾರಿ ನೋಡಿ, ದಾಟಿ ಕಾಲಿಡುವ ಮನುಷ್ಯ. ಅವರ ಜೊತೆ ಸಂತೆಗೆ ಹೋದರೆ ಸಂತೆ ಎದ್ದ ಮೇಲೆ ಮುಟ್ಟುವುದೇ ಸೈ. ಇಂಥವರ ಮನೆಗೆ ಬಾಯಿಂದ ಮದ್ದು ತುಂಬುವ ನಾಡಬಂದೂಕು ಯಾಕೆ ಬಂತು ಎಂದು ಕೇಳುತ್ತೀರಲ್ಲ, ಅದನ್ನೇ ಹೇಳಹೊರಟಿದ್ದೇನೆ.

ಎಲ್ಲ ಶುರುವಾದದ್ದು ಕೆನಾಲಿನಿಂದ. ನಮ್ಮ ಅತ್ತೆಗೆ ಊರ ಹೊರಗೆ ಒಂದು ತುಂಡು ಮರಡಿ ಹೊಲವಿತ್ತು. ಅಲ್ಲಿ ಕಲ್ಲು ಬಿಟ್ಟು ಬೇರೇನೂ ಬೆಳೆಯುವುದಿಲ್ಲ ಎಂದು ಊರವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಕೃಷ್ಣೆಯ ನೀರು ಕೆನಾಲಿಗೆ ಬಂದಾಗ ಅದರ ಮರಿಗಾಲುವೆ ಆ ಹೊಲದ ಬದುವಿಗೇ ಹತ್ತಿಕೊಂಡು ಹೋಯಿತು. ಮೊದಲ ಸಲ ನೀರು ಹಾಯಿಸಿದ ದಿನ ಅತ್ತೆ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲೇ ಕೂತುಬಿಟ್ಟರು. ಏಳಿ ಎಂದರೆ ಏಳಲೊಲ್ಲರು. ನೀರು ಮಡಿಲಿಗೆ ಬರಲಿ ಎಂದರು. ಬಂತು. ಸೀರೆ ತೊಳೆದವಳು ನಾನು, ಆ ಕೆಸರಿನ ಕಲೆ ಹೋಗಲೇ ಇಲ್ಲ.

ಶೇಂಗಾ ಹಾಕಿದೆವು. ನೀರು ಬಂದಲ್ಲಿ ಜಾಲಿಕಂಟಿ ಬಂತು, ಜಾಲಿಕಂಟಿ ಬಂದಲ್ಲಿ ಕಾಡುಹಂದಿ ಬಂತು. ಸುರಪುರದ ಗುಡ್ಡಗಳಲ್ಲಿದ್ದ ಹಂದಿಗಳು ಕೆನಾಲಿನ ದಂಡೆ ಹಿಡಿದು ಇಳಿದವೆಂದು ಮಂದಿ ಹೇಳುತ್ತಿದ್ದರು. ಎಲ್ಲಿಂದಾದರೂ ಬಂದಿರಲಿ, ನಮ್ಮ ಹೊಲದ ವಿಳಾಸ ಅವಕ್ಕೆ ಚೆನ್ನಾಗಿ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ; ಆ ವರ್ಷದ ಶೇಂಗಾದಲ್ಲಿ ನಮಗೆ ಸಿಕ್ಕದ್ದು ಸಿಪ್ಪೆ. ಅವು ನೆಲ ಉತ್ತ ಪರಿ ನೋಡಿ ನಮ್ಮ ಎತ್ತುಗಳಿಗೆ ನಾಚಿಕೆಯಾಗಬೇಕಿತ್ತು.

ಅತ್ತೆ ಬಂದೂಕು ಬೇಕೆಂದು ಹಟ ಹಿಡಿದರು. ಇಲ್ಲೊಂದು ತೊಡಕಿತ್ತು. ಅದರ ಹಿಂದಿನ ವರ್ಷವೇ ಮನೆಮಂದಿಯೆಲ್ಲ ಕಲಬುರಗಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದೆವು. ಜೀವ ತೆಗೆಯುವುದಿಲ್ಲ ಎಂದು ಭಿಕ್ಷುಗಳ ಮುಂದೆ ಹೇಳಿಯಾಗಿತ್ತು. ಆ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಮಡಿಲಲ್ಲಿ ಅಳುತ್ತಿದ್ದ ಕೂಸಿನ ಮೇಲಿತ್ತು, ಬಾಯಿ ಮಾತ್ರ ಆಡಿಸಿದೆ. ಅತ್ತೆ ಒಂದಕ್ಷರ ಬಿಡದೆ ಹೇಳಿದರು, ಆದರೆ ಚೇಳಿಗೂ ಹಂದಿಗೂ ಆ ಮಾತು ಹತ್ತುವುದಿಲ್ಲವೆಂದು ತಾವೇ ತೀರ್ಮಾನ ಕೊಟ್ಟುಕೊಂಡಿದ್ದರು. ಮಾಸ್ತರು ಮಾತ್ರ ಕೊಟ್ಟ ಮಾತೆಂದರೆ ಕೊಟ್ಟ ಮಾತು ಎನ್ನುವವರು. ತಾಯಿ ಮಗ ತಿಂಗಳುಗಟ್ಟಲೆ ಜಗ್ಗಾಡಿ ಕೊನೆಗೊಂದು ರಾಜಿಗೆ ಬಂದರು. ಬಂದೂಕು ಬರಲಿ, ಹಂದಿಯನ್ನು ಹೆದರಿಸಲಿ, ಕೊಲ್ಲದಿರಲಿ.

ಕಚೇರಿಗಳ ಮೆಟ್ಟಿಲು ಸವೆಸಿ ಬೆಳೆ ರಕ್ಷಣೆಯ ಲೈಸೆನ್ಸ್ ಕೈಗೆ ಬಂತು. ಸುರಪುರದ ಹಿರಿಯರೊಬ್ಬರು ಕಣ್ಣು ಮಂಜಾದ ಮೇಲೆ ತಮ್ಮ ಬಂದೂಕು ಕೊಟ್ಟುಬಿಡಬೇಕೆಂದಿದ್ದರು. ನಾನೂ ಮಾಸ್ತರ ಜೊತೆ ಹೋಗಿದ್ದೆ. ಅವರು ಜಗುಲಿಯ ಮೇಲೆ ಕೂತು ಬಾರು ತುಂಬುವ ಕ್ರಮ ಹೇಳಿಕೊಟ್ಟರು: ಮೊದಲು ಮದ್ದು, ಅದರ ಮೇಲೆ ಅರಿವೆ, ಗಜದಿಂದ ಒತ್ತಿ ಗಿಡಿಯುವುದು, ಆಮೇಲೆ ಗುಂಡೋ ಸಣ್ಣ ಛರ್ರೆಯೋ, ಕಟ್ಟಕಡೆಗೆ ಹಿಂದೆ ಕಿಡಿ ಹೊತ್ತಿಸುವ ಕೇಪು. ಕೇಳುತ್ತ ಕೂತಿದ್ದ ನನಗೆ ಬದನೆಕಾಯಿಗೆ ಮಸಾಲೆ ತುಂಬಿದ ಹಾಗೇ ಕಂಡಿತು. ಎಂಥ ಗುಂಡು ಬೇಕು ಎಂದು ಹಿರಿಯರು ಕೇಳಿದಾಗ ಮಾಸ್ತರು ಗುಂಡು ಬೇಡ ಎಂದರು. ಹಿರಿಯರು ಮಂಜುಗಣ್ಣನ್ನೇ ಅಗಲಿಸಿ ಇವರನ್ನು ನೋಡಿದರು.

"ಗುಂಡಿಲ್ಲದ ಬಂದೂಕ ತಗೊಂಡು ಒಲಿ ಊದ್ತೀರೇನ್ರಿ, ಮಾಸ್ತರ?"

ಬಸ್ಸಿಳಿದ ಮೇಲೆ ಮಾಸ್ತರು ಬಂದೂಕನ್ನು ಚಾದರದಲ್ಲಿ ಸುತ್ತಿ ಊರ ಹಿಂದಿನ ದಾರಿ ಹಿಡಿದರು. ಬಾಗಿಲಲ್ಲಿ ಕಾದಿದ್ದ ಅತ್ತೆಯ ಮುಖ ಸಣ್ಣದಾಯಿತು. ಊರ ಮುಂದಿನ ಅಗಸಿಬಾಗಿಲಿನಿಂದ, ನಡು ಊರಲ್ಲಿ, ಹೆಗಲ ಮೇಲೆ ಇಟ್ಟುಕೊಂಡು ಬರಬಾರದಿತ್ತೇ ಎಂದರು. ಅದೇ ಅಗಸಿಯಲ್ಲಿ ಅವರು ಹರೆಯದಲ್ಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆದವರು. ಮಾಸ್ತರು ಬಂದೂಕು ಮೆರವಣಿಗೆ ಮಾಡುವ ವಸ್ತುವಲ್ಲ ಎಂದು ಪಾಠ ಹೇಳಿದರು. ಅತ್ತೆ ಪಾಠ ಕೇಳುವ ಪೈಕಿಯವರಲ್ಲ, ಎದ್ದು ಒಳಗೆ ಹೋದರು.

ಇನ್ನು ಬಾರಿನ ಕಥೆ. ಏನು ತುಂಬಬೇಕು? ಹಂದಿಗೆ ನೋವಾಗಬಾರದು, ಆದರೆ ಅದು ಇನ್ನೊಮ್ಮೆ ಇತ್ತ ಸುಳಿಯಬಾರದು. ಇಂಥ ವಸ್ತು ಲೋಕದಲ್ಲಿ ಇದ್ದಿದ್ದರೆ ನಾನು ಮೊದಲು ನಮ್ಮ ಮನೆಗೆ ಬರುವ ನೆಂಟರ ಮೇಲೆ ಬಳಸುತ್ತಿದ್ದೆ. ಓಣಿಯವರೆಲ್ಲ ಬಂದು ಕೂತು ಸಲಹೆ ಕೊಟ್ಟರು. ತವರೂರು ಗೋಗಿಯಿಂದ ಬಂದ ನನ್ನ ತಮ್ಮ ಹುಣಸೆಬೀಜ ಎಂದ. ಪಕ್ಕದ ಮನೆಗೆ ಬಂದಿದ್ದ ಬೀಗರು ಬಾರೆಹಣ್ಣಿನ ಬೀಜ ಎಂದರು. ಮಾಸ್ತರು ಎಲ್ಲವನ್ನೂ ಕೇಳಿ, ಯೋಚಿಸಿ, ಕಲ್ಲುಪ್ಪು ಆರಿಸಿದರು. ಉಪ್ಪು ತಾಕಿದರೆ ಚುರುಕ್ ಅನ್ನುತ್ತದೆ, ಕರಗಿ ಹೋಗುತ್ತದೆ, ಯಾರಿಗೂ ಕೇಡಿಲ್ಲ. ತುಂಬಿ ಮೂಲೆಗಿಟ್ಟರು. ಹಂದಿ ಬರುವ ತನಕ ಉಪ್ಪು ಕಾಯಬೇಕಲ್ಲ? ಕೆನಾಲಿನ ಥಂಡಿ ಗಾಳಿಗೆ ಒಳಗೇ ಕರಗಿತು. ಹಂದಿ ಬಂದ ದಿನ ಬಂದೂಕು ಬುಸ್ ಎಂದು ಒದ್ದೆ ಹೊಗೆ ಬಿಟ್ಟು ಸುಮ್ಮನಾಯಿತು. ನಳಿಗೆಗೆ ಹಿಡಿದ ತುಕ್ಕನ್ನು ಬಿಸಿನೀರು ಹೊಯ್ದು ತಿಕ್ಕಿದವಳು ನಾನು. ವಿಜ್ಞಾನದ ಮಾಸ್ತರಿಗೆ ಉಪ್ಪಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ ಎಂಬುದು ಅವತ್ತು ನೆನಪಿಗೆ ಬಂದಿರಲಿಲ್ಲ.

ಆಮೇಲೆ ಜೋಳ. ಜೋಳದ ಕಾಳು ಹಾರಿ ಎಲ್ಲೆಲ್ಲೋ ಬಿತ್ತು, ಹಂದಿಗಳು ತಲೆ ಎತ್ತಿ ನೋಡಿ ಮತ್ತೆ ಉಣ್ಣಲು ಕೂತವು. ಕೆಲವು ದಿನ ಬಿಟ್ಟು ನೋಡಿದರೆ ಶೇಂಗಾದ ನಡುವೆ ಅಲ್ಲಲ್ಲಿ ಜೋಳ ಮೊಳೆತಿತ್ತು. ಬಂದೂಕಿನಿಂದ ಬಿತ್ತನೆ ಮಾಡಿದ ಮನೆ ನಮ್ಮದೊಂದೇ ಇರಬೇಕು. ಅದರ ನಂತರದ ಮೆಣಸಿನಪುಡಿ ನನ್ನ ಸಲಹೆ, ಆ ಪಾಪ ನನ್ನದೇ. ಗಾಳಿ ನಮ್ಮ ಕಡೆಗಿತ್ತು. ಮಾಸ್ತರು, ಅತ್ತೆ, ನಾನು ಮೂವರೂ ಬದುವಿನ ಮೇಲೆ ಕೂತು ಕಣ್ಣು ಮೂಗು ಸುರಿಸಿದೆವು. ಹಂದಿಗಳು ಗಾಳಿಯ ಆ ಬದಿಗೆ ಆರಾಮಾಗಿದ್ದವು.

ಊರಲ್ಲಿ ನಗೆ ಎದ್ದಿತು. ಮಾಸ್ತರ ಬಂದೂಕಿಗೆ ಕೆಮ್ಮು ಹತ್ತಿದೆ, ಕಷಾಯ ಕುಡಿಸಿರಿ ಎಂದು ಹೋಟೆಲಿನ ಬೆಂಚಿನಲ್ಲಿ ಕೂತವರು ಅನ್ನುತ್ತಿದ್ದರು. ಮಾಸ್ತರು ನಕ್ಕು ಮುಂದೆ ಹೋಗುತ್ತಿದ್ದರು. ಅತ್ತೆ ನಗಲಿಲ್ಲ. ಎಲ್ಲಿಂದಲೋ ಮೀನುಬಲೆಯ ಸೀಸ ತಂದು, ಕರಗಿಸಿ, ಗುಂಡು ಎರಕ ಹೊಯ್ದರು. ಒಂದು ಸಂಜೆ ಊಟದ ಹೊತ್ತಿಗೆ ಅದನ್ನು ಮಗನ ತಾಟಿನ ಪಕ್ಕ ಇಟ್ಟರು. ಮಾಸ್ತರು ಅದನ್ನು ಮುಟ್ಟಲಿಲ್ಲ. ತಾನು ಮಾತು ಕೊಟ್ಟವನು, ಬೆಳೆಯೆಲ್ಲ ಹೋದರೂ ಇದನ್ನು ತುಂಬುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅತ್ತೆ ಗುಂಡನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಹಂದಿ ಸಾಯ್ಲಿ ಅನ್ನಾಕತ್ತಿಲ್ಲೋ ಯಪ್ಪಾ," ಎಂದರು. "ಗೌಡ್ರ ಹೊಲದಾಗ ಬಂದೂಕ ಹಾರಿದ್ರ ಊರೆಲ್ಲ ತಿರುಗಿ ನೋಡ್ತಿತ್ತು. ನಾ ಅಲ್ಲೇ ಅಟ್ಟದ ಮ್ಯಾಲ ಕುಂತು ಹಕ್ಕಿ ಕಾಯಾಕಿ, ಕಿವಿ ಮುಚ್ಕೊಂತಿದ್ದೆ. ಒಂದ್ಸಲ ನನ್ನ ಹೊಲದಾಗಿಂದ ಅಂಥಾ ಸಪ್ಳ ಬರ್ಬೇಕು. ಕೆಮ್ಮಲ್ಲ, ಸಪ್ಳ."

ಆಗ ತಿಳಿಯಿತು ನಮಗೆ. ಇಷ್ಟು ದಿನ ನಾವು ಹಂದಿಗೆ ಯಾವ ಬಾರು ಸರಿಹೋದೀತು ಎಂದು ತಲೆ ಕೆಡಿಸಿಕೊಂಡಿದ್ದೆವು, ಅತ್ತೆಗೆ ಹಂದಿ ಒಂದು ನೆಪವಾಗಿತ್ತು. ನನಗೆ ಅಳು ಬಂತು. ಪಲ್ಯ ಬಡಿಸುವ ನೆಪ ಮಾಡಿ ಎದ್ದೆ.

ಮಾಸ್ತರು ಅವತ್ತು ಊಟ ಬಿಟ್ಟು ಲೆಕ್ಕ ಹಾಕುತ್ತ ಕೂತರು. ಮರುದಿನ ನನಗೆ ಏಳನೇ ಇಯತ್ತೆಯ ಪಾಠ ಮಾಡಿದರು. ಸದ್ದು ಬರುವುದು ಗುಂಡಿನಿಂದ ಅಲ್ಲವಂತೆ. ಮದ್ದು ಉರಿದು ಹೊರಗೆ ನುಗ್ಗುವಾಗ ಬಾಯಿ ಎಷ್ಟು ಬಿಗಿಯಾಗಿದೆಯೋ ಅಷ್ಟು ಸದ್ದು. ಉಪ್ಪು, ಜೋಳ, ಪುಡಿ ಎಲ್ಲ ಸಡಿಲು, ಅದಕ್ಕೇ ಕೆಮ್ಮಿತು. ದಪ್ಪ ಅರಿವೆಯೊಂದನ್ನು ಗಟ್ಟಿಯಾಗಿ ಗಿಡಿದರೆ ಸಾಕು, ಸೀಸ ಬೇಕಿಲ್ಲ ಎಂದರು. ತಮ್ಮ ಧೋತರದ ತುಂಡು ತಂದರು, ಅದು ನೆಟ್ಟಗೆ ಗಾಳಿಯನ್ನೂ ತಡೆಯುವಂತಿರಲಿಲ್ಲ. ನಾನು ಚೀಲದ ತಟ್ಟು ಹುಡುಕಿದೆ, ಅದು ನಳಿಗೆಯೊಳಗೆ ಹೋಗಲಿಲ್ಲ. ಅತ್ತೆ ಟ್ರಂಕು ತೆರೆದು ಒಂದು ಅರಿವೆ ತಂದರು. ಕೂಲಿಗೆ ಹೋಗುವ ಕಾಲದಲ್ಲಿ ರೊಟ್ಟಿ ಕಟ್ಟಿಕೊಂಡು ಒಯ್ಯುತ್ತಿದ್ದ ಬುತ್ತಿ ಅರಿವೆ. ಎಣ್ಣೆ, ಬೆವರು, ಮಣ್ಣು ಕುಡಿದು ಚರ್ಮದಂತಾಗಿತ್ತು. ಅದನ್ನು ಯಾಕೆ ಹರಿಯುತ್ತೀರಿ, ಇರಲಿ ಬಿಡಿ ಎಂದೆ ನಾನು. ಇನ್ನು ಯಾರ ಹೊಲಕ್ಕೆ ಬುತ್ತಿ ಒಯ್ಯಬೇಕು ಎಂದು ಅವರು ಪರ್‍ರನೆ ಹರಿದರು.

ಆ ಸಂಜೆ ಹೊತ್ತು ಮುಳುಗುವ ಮುಂಚೆ ಮೂವರೂ ಹೊಲದಲ್ಲಿದ್ದೆವು. ಮಾಸ್ತರು ಮದ್ದು ಹಾಕಿದರು, ಬುತ್ತಿ ಅರಿವೆಯ ತುಂಡು ಇಟ್ಟು ಗಜದಿಂದ ಗಿಡಿದರು. ಅತ್ತೆ ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎನ್ನುತ್ತಿದ್ದರು. ಜಾಲಿಕಂಟಿ ಅಲುಗಾಡಿತು. ಹಂದಿಗಳು ಮರಿಗಳ ಸಮೇತ ಬಂದವು, ನೆಂಟರ ಮನೆಗೆ ಬರುವಂತೆ ಸಾಲಾಗಿ. ಮಾಸ್ತರು ನಳಿಗೆಯನ್ನು ಮೇಲಕ್ಕೆ ಹಿಡಿದು ಕುದುರೆ ಎಳೆದರು.

ನನ್ನ ಕಿವಿ ಗುಂಯ್ ಎಂದಿತು. ಕೆನಾಲಿನ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹಂದಿಗಳು ಮರಿಗಳನ್ನೂ ಮರೆತು ಓಡಿದವು, ಮರಿಗಳು ಅವುಗಳಿಗಿಂತ ಮುಂದೆ ಓಡಿದವು. ಸುಟ್ಟ ಅರಿವೆಯ ಚೂರುಗಳು ಹೊಗೆಯಾಡುತ್ತ ನಮ್ಮ ಮೇಲೆಯೇ ಬಿದ್ದವು. ಅತ್ತೆ ಕಿವಿ ಮುಚ್ಚಿಕೊಂಡಿರಲಿಲ್ಲ. ನೆಟ್ಟಗೆ ನಿಂತು ಊರ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೌಡರ ಮನೆಯ ಆಳು ಸೈಕಲ್ ಮೇಲೆ ಬಂದು, ಯಾರ ಹೊಲದಲ್ಲಿ ಹಾರಿತು, ಗೌಡರು ಕೇಳಿ ಬಾ ಅಂದರು ಎಂದ. ಅತ್ತೆ ಸೆರಗು ಸರಿಮಾಡಿಕೊಂಡರು.

"ನಮ್ಮ ಹೊಲದಾಗ. ನಮ್ಮ ಬಂದೂಕ. ಹೋಗಿ ಹೇಳಪ್ಪ," ಎಂದರು.

ಮನೆಗೆ ಬರುವಾಗ ಮಾಸ್ತರು ಬಂದೂಕನ್ನು ಹೆಗಲಿಗಿಟ್ಟು ಅಗಸಿಯ ದಾರಿ ಹಿಡಿದರು. ಅತ್ತೆ ಮುಂದೆ, ಚಪ್ಪಲಿ ಮೆಟ್ಟಿಕೊಂಡು. ಹೋಟೆಲಿನ ಬೆಂಚಿನವರು ಎದ್ದು ನಿಂತರೋ, ಚಾ ಕುಡಿದು ಮುಗಿದು ಎದ್ದರೋ, ನನಗೆ ಗೊತ್ತಿಲ್ಲ. ಎದ್ದದ್ದಂತೂ ನಿಜ.

ಹಂದಿಗಳು ಕೆಲವು ದಿನ ಬಿಟ್ಟು ಮತ್ತೆ ಬಂದವು, ಅವಕ್ಕೇನು ಮಾನ ಮರ್ಯಾದೆ? ಮತ್ತೆ ಹಾರಿಸಿದೆವು. ಅವು ತಿಂದು ಉಳಿದದ್ದು ನಮಗೆ ಸಾಕಾಗುವಷ್ಟಿತ್ತು. ಆ ಶೇಂಗಾದಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಿ ಅತ್ತೆ ಓಣಿಗೆಲ್ಲ ಹಂಚಿದರು. ಬುತ್ತಿ ಅರಿವೆ ಅದೇ ಸುಗ್ಗಿಗೆ ತೀರಿತು. ಅತ್ತೆಯೂ ಕೆಲವು ವರ್ಷ ಚೆನ್ನಾಗಿ ಉಂಡು, ಬೈದು, ನೀರು ಹಾಯಿಸಿ, ಹೋದರು.

ಮಧ್ಯಾಹ್ನ ಶಹಾಪುರದ ಠಾಣೆಗೆ ನಾವಿಬ್ಬರೂ ಶೇರ್ ಆಟೋದಲ್ಲಿ ಹೋದೆವು. ಅಲ್ಲಿ ಹೊಸದಾಗಿ ಬಂದ ಪೊಲೀಸನೊಬ್ಬ ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಿಂದ ಎಷ್ಟು ಹಂದಿ ಹೊಡೆದಿದ್ದೀರಿ ಎಂದು ನಗುತ್ತ ಕೇಳಿದ. ಮಾಸ್ತರು ಎಂದಿನಂತೆ ತಲೆ ತಗ್ಗಿಸಿ, ಹಾಗೇನಿಲ್ಲ, ಸುಮ್ಮನೆ ಇಟ್ಟುಕೊಂಡದ್ದು ಎಂದು ಶುರು ಮಾಡಿದರು. ಇಷ್ಟು ಚುನಾವಣೆ ಅವರ ಪಕ್ಕ ನಿಂತು ಸುಮ್ಮನಿದ್ದವಳು ನಾನು. ಇವತ್ತು ಆಗಲಿಲ್ಲ.

"ಹಂದಿ ಒಂದೂ ಬಿದ್ದಿಲ್ಲಪ್ಪ," ಎಂದೆ. "ನಮ್ಮತ್ತಿ ತನ್ನ ಹೊಲದಾಗ ನಿಂತು ಹೊಡ್ಸಿದ ಸಪ್ಳ ಮಾತ್ರ ಊರಿಗೆಲ್ಲ ಕೇಳ್ಯದ. ಅದನ್ನ ಬರ್ಕೋ."