ಚೀಟಿ ಅಂಟಿಸಿ ತಿದ್ದಿದ ರಾಜ್ಯ

ಕಳೆದ ವಾರ ಸಿಂಧನೂರಿನ ಬಸ್ ನಿಲ್ದಾಣದ ಗೋಡೆಗೆ ಇಬ್ಬರು ಪೋಸ್ಟರ್ ಹಚ್ಚುತ್ತಿದ್ದರು. ಬಕೆಟ್ಟಿನ ತುಂಬ ಮೈದಾ ಕುದಿಸಿದ ಅಂಟು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಸ್ಕಿಯ ಬಸ್ಸು ಬಂದು ಹೋದದ್ದೂ ತಿಳಿಯದೆ ನಿಂತುಬಿಟ್ಟೆ. ಕಂಪೌಂಡರ್ ಕಾಕಾ ನೆನಪಾಗಿದ್ದರು...

ಆಗ ಲಿಂಗಸುಗೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಅರ್ಜಿ, ಕರಾರು ಪತ್ರ, ಇಂಥವೇ ಕೆಲಸ. ಕಾಕಾ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಒಂದು ದಿನ ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

"ಇದೊಂದು ರಾಜ್ಯ ಐತಿ ನೋಡವ್ವ. ಭೂಮಿ ಮ್ಯಾಲ ಎಲ್ಲೂ ಇಲ್ಲ, ನನ್ನ ತಲ್ಯಾಗ ಅಷ್ಟ ಐತಿ. ಟೈಪ್ ಮಾಡಿ ಕೊಡ್ತೀಯೇನು?"

ತಲೆ ಸರಿ ಇದೆಯೋ ಇಲ್ಲವೋ ಎಂದುಕೊಂಡೇ ಶುರು ಮಾಡಿದೆ. ಏಳು ಸುತ್ತಿನ ಕೋಟೆ, ಎರಡು ನದಿ, ಅಜ್ಜ ಮುತ್ತಜ್ಜರವರೆಗೂ ರಾಜರ ವಂಶಾವಳಿ. ಅಲ್ಲಿಯ ಎತ್ತುಗಳಿಗೆ ಮುಂದಾಗುವುದೆಲ್ಲ ಮೊದಲೇ ಗೊತ್ತು, ಅದಕ್ಕೇ ರಾಜಸಭೆಯಲ್ಲಿ ಅವಕ್ಕೂ ಜಾಗ. ನಾಲ್ಕು ಪುಟ ಮುಗಿಯುವಷ್ಟರಲ್ಲಿ ಗಿರಾಕಿ ಬಂದು ನಿಂತರೆ ನನಗೆ ಸಿಟ್ಟು ಬರತೊಡಗಿತು. ಪುಸ್ತಕ ಅಚ್ಚಾಯಿತು. ಕಾಕಾ ಅದನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಸಿಂಧನೂರು, ಮಸ್ಕಿ, ಮುದಗಲ್ ಎಂದು ತಿರುಗಿ ತಾವೇ ಮಾರಿದರು. ಕೊಂಡವರ ಹೆಸರು, ಊರು, ಓಣಿ ಎಲ್ಲವನ್ನೂ ಬರೆದಿಟ್ಟುಕೊಂಡರು.

ತೊಂದರೆ ಶುರುವಾದದ್ದು ಎರಡನೇ ಭಾಗದಿಂದ. ಮೊದಲ ಭಾಗದಲ್ಲಿ ಸತ್ತ ರಾಣಿ ಎರಡನೆಯದರಲ್ಲಿ ಹಾಯಾಗಿ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದಳು. ನಾನು ನಕ್ಕೆ. ಕಾಕಾ ನಗಲಿಲ್ಲ. ತಿದ್ದಿದ ಸಾಲನ್ನು ತೆಳು ಹಾಳೆಯ ಮೇಲೆ ಟೈಪ್ ಮಾಡಿಸಿ, ಚೀಟಿ ಚೀಟಿಯಾಗಿ ಕತ್ತರಿಸಿ, ಔಷಧದ ಹಳೇ ಬಾಟಲಿಯಲ್ಲಿ ಮೈದಾ ಅಂಟು ತುಂಬಿಕೊಂಡು ಬಸ್ ಹತ್ತಿದರು. ಕೊಂಡವರ ಮನೆಮನೆಗೆ ಹೋಗಿ ಹಳೇ ಸಾಲಿನ ಮೇಲೆ ಹೊಸದನ್ನು ಅಂಟಿಸಿ ಬಂದರು!

ಎಲ್ಲರೂ ಸಿಗಬೇಕಲ್ಲ? ಹೀಗಾಗಿ ಮಸ್ಕಿಯಲ್ಲಿ ರಾಣಿ ಸತ್ತಿದ್ದಳು, ಸಿಂಧನೂರಿನಲ್ಲಿ ಬದುಕಿದ್ದಳು. ಒಮ್ಮೆ ಅಂಗಡಿಗೆ ಫೋನು ಬಂತು. "ಅಕ್ಕಾರ, ರಾಣಿ ಸತ್ತಾಳೋ, ಇದ್ದಾಳೋ? ನಮ್ಮ ಅಳಿಯನ ಜೋಡಿ ಶರ್ತ್ ಕಟ್ಟೀನ್ರಿ."

"ನಿಮ್ಮದು ಯಾವೂರ್ರಿ?" ಎಂದು ಕೇಳದೆ ನನಗೆ ಬೇರೆ ದಾರಿ ಇರಲಿಲ್ಲ.

ಆದರೆ ಕೋಟೆ ಕಾವಲುಗಾರನ ವಿಷಯ ಬೇರೆ. ಬಂಗಾರ ತಿಂದು ಶತ್ರುಗಳಿಗೆ ಬಾಗಿಲು ತೆರೆದ ದ್ರೋಹಿ ಅವನು, ಅದರಿಂದಲೇ ಕೋಟೆ ಬಿತ್ತು ಎಂದು ಮೊದಲ ಭಾಗದಲ್ಲಿತ್ತು. ಪುಸ್ತಕದ ಕೊನೆಯ ಪುಟದಲ್ಲಿದ್ದ ವಿಳಾಸ ಹಿಡಿದು ಜವಳಗೇರಾದ ಹೆಣ್ಣುಮಗಳೊಬ್ಬಳು ಒಂದು ಮಧ್ಯಾಹ್ನ ನಮ್ಮ ಅಂಗಡಿಗೆ ಬಂದಳು. ಆಕೆಯ ಗಂಡನದು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ಕಾಕಾ ಅಲ್ಲೇ ಕೂತಿದ್ದರು.

"ನಮ್ಮ ಮನಿಯವರು ಮ್ಯಾಲಿನವರು ಹೇಳಿದಾಗ ಗೇಟ್ ಎತ್ತತಾರ, ಹೇಳಿದಾಗ ಇಳಸತಾರ. ನೀರು ಬರಲಿಲ್ಲ ಅಂದ್ರ ಬೈಗುಳ ಎಲ್ಲಾ ಇವ್ರಿಗೇ. ನಿಮ್ಮ ಕಾವಲುಗಾರಗ ಬಾಗಲಾ ತಗಿ ಅಂತ ಹೇಳಿದವರು ಯಾರ್ರಿ ಕಾಕಾ? ಅದನ್ನ ಬರದೇ ಇಲ್ಲಲ್ಲ?"

ಕಾಕಾ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು. ವಾರದೊಳಗೆ ಹೊಸ ಚೀಟಿ ತಯಾರಾಯಿತು. ಬಾಗಿಲು ತೆರೆಯಲು ಹೇಳಿದವನು ಹೆದರಿದ ಯುವರಾಜ. ಆಮೇಲೆ ಕಾವಲುಗಾರನ ಮನೆಯಲ್ಲಿ ಬಂಗಾರ ಇಡಿಸಿ ಸೆರೆಗೆ ಹಾಕಿಸಿದವನೂ ಅವನೇ.

ಆ ಹೊತ್ತಿಗೆ ಕಾಕಾರಿಗೆ ಎದೆನೋವು ಶುರುವಾಗಿತ್ತು. ಡಾಕ್ಟರು ತಿರುಗಬೇಡಿ ಎಂದಿದ್ದರು. ಕೇಳುವ ಜೀವವೇ ಅದು?

"ಕಾಕಾ, ಆ ಕಾವಲುಗಾರ ಇಲ್ಲದ ಮನುಷ್ಯ. ಅವನ ಸಲುವಾಗಿ ಯಾಕ ಜೀವ ತೇಯತೀರಿ?" ಎಂದು ಬೈದೆ.

"ಇಲ್ಲದಾವಗ ನಾನಲ್ದ ಮತ್ಯಾರವ್ವ ದಿಕ್ಕು? ಸುಳ್ಳು ಹೊರಿಸಿದಾವ ನಾನು."

ಒಬ್ಬರನ್ನೇ ಕಳಿಸಲಾರದೆ ಮುದಗಲ್ಲಿಗೆ ನಾನೂ ಹೋದೆ. ಅಲ್ಲಿ ಪುಸ್ತಕ ಕೊಂಡಿದ್ದ ಟೇಲರ್ ಒಬ್ಬರು ನಮಗೆ ಚಹಾ ಕುಡಿಸಿದರು, ಚೀಟಿ ಮಾತ್ರ ಅಂಟಿಸಗೊಡಲಿಲ್ಲ. "ಸಾಹೇಬ್ರ, ಈ ಕಥಿ ಮಕ್ಕಳಿಗೆ ಎಷ್ಟು ಸಲ ಹೇಳೀನೋ ಲೆಕ್ಕ ಇಲ್ಲ. ದ್ರೋಹಿ ಅಂದ್ರ ದ್ರೋಹಿ. ಈಗ ಅಲ್ಲ ಅಂದ್ರ ಮಕ್ಕಳು ನನ್ನ ನಂಬ್ತಾವೇನ್ರಿ?"

ಕಾಕಾ ವಾದ ಮಾಡಲಿಲ್ಲ. "ಪುಸ್ತಕ ನಿಮ್ದು, ಖರೇ ಐತಿ" ಎಂದು ಚೀಟಿಯನ್ನು ಕಿಸೆಗೆ ಹಾಕಿಕೊಂಡರು. ಮರಳಿ ಬಸ್ ಹತ್ತಿದೆವು. ಲಿಂಗಸುಗೂರು ಹತ್ತಿರ ಬಂದಾಗ, "ಪಾಪ, ಆ ಒಂದು ಮನ್ಯಾಗ ಅಂವ ದ್ರೋಹಿ ಆಗೇ ಉಳದ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಕಿಟಕಿಯ ಕಡೆ ತಿರುಗದೆ ಗತಿ ಇರಲಿಲ್ಲ.

ಈಗ ನಾನು ಮಸ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಜೀವಂತ ಮನುಷ್ಯರ ಬಗ್ಗೆ ತಪ್ಪು ಬರೆದು, ತಿದ್ದಿ ಎಂದರೆ ಮುಖ ತಿರುಗಿಸುವವರನ್ನು ದಿನಾ ನೋಡುತ್ತೇನೆ. ಕಟ್ಟುಕಥೆಯ ಒಬ್ಬ ಬಡವನ ಹೆಸರು ತೊಳೆಯಲು ಬಿಸಿಲಲ್ಲಿ ಊರೂರು ಅಲೆದ ಆ ಮನುಷ್ಯನಷ್ಟು ದೊಡ್ಡವರನ್ನು ನಾನಂತೂ ಮತ್ತೆ ಕಂಡಿಲ್ಲ.

ಕಾಕಾ ತೀರಿಹೋದ ಮೇಲೆ ಅವರ ಹೆಂಡತಿ ಕಾಕೂ, ಕಾಕಾರ ಸ್ವಂತ ಪ್ರತಿಯನ್ನು ನನ್ನ ಕೈಗಿಟ್ಟರು. ಕೋಟೆಯ ಪುಟ ತೆರೆದೆ. ಚೀಟಿಯೇ ಇಲ್ಲ! ಬಂಗಾರ ತಿಂದು ಬಾಗಿಲು ತೆರೆದ ಸಾಲು ಹಾಗೇ ಇತ್ತು. ಎಲ್ಲರ ಮನೆ ಅಲೆದು ತಮ್ಮದನ್ನೇ ಬಿಟ್ಟರಲ್ಲ ಎಂದು ಒಂದು ಕ್ಷಣ ಸಿಟ್ಟೇ ಬಂತು.

"ನಾನೂ ಕೇಳಿದ್ದೆವ್ವ," ಎಂದರು ಕಾಕೂ. "ಮಂದಿ ಮನ್ಯಾಗ ಅವನ ಹೆಸರು ಸ್ವಚ್ಛ ಆಗ್ಲಿ, ನಮ್ಮನ್ಯಾಗ ನಾ ಮಾಡಿದ ತಪ್ಪು ಕಣ್ಣಮುಂದ ಇರಲಿ ಅಂದ್ರು."

ಆ ಪ್ರತಿ ಈಗ ನನ್ನ ಬಳಿ ಇದೆ. ಮೂರನೇ ಭಾಗದ ನೋಟ್‌ಬುಕ್ಕೂ ಇದೆ, ಹದಿನೈದು ಪುಟಕ್ಕೆ ನಿಂತದ್ದು. ಸೆರೆಯಿಂದ ಬಿಡುಗಡೆಯಾದ ಕಾವಲುಗಾರ ತನ್ನ ಊರಿನ ದಾರಿ ಹಿಡಿದಿದ್ದಾನೆ. ಊರವರಿಗೆ ನಿಜ ತಲುಪಿತ್ತೋ ಇಲ್ಲವೋ, ಹೆಂಡತಿ ಅವನನ್ನು ಒಳಗೆ ಕರೆದಳೋ ಇಲ್ಲವೋ... ಹೇಳಬಲ್ಲವರು ಒಬ್ಬರೇ ಇದ್ದರು.