ಬಿರುಕಿನ ಮೇಲಿನ ಗಾಜು

ಮೋನಪ್ಪ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ. ಬಾಂದ್ರಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ದೂಜನ ಮಗ. ಭಾನುವಾರ ಬಂತೆಂದರೆ ವಡಾಲದ ಮನೆಯಿಂದ ಲೋಕಲ್ ಹಿಡಿದು ಅಂಧೇರಿಯಾಚೆಯ ಒಂದು ಗುಡ್ಡ ಹತ್ತುತ್ತಿದ್ದ. ಯಾರಾದರೂ ಕೇಳಿದರೆ ಹೆಂಡತಿ ವಿನೋದಿನಿ, "ಅವರು ಗುಡ್ಡೆಪೂಜೆಗೆ ಹೋಗಿದ್ದಾರೆ" ಎನ್ನುತ್ತಿದ್ದಳು.

ಇಳಿಜಾರಿನ ತುಂಬ ಯಾದಗಿರಿ ಕಡೆಯ ಗಾರೆ ಕೆಲಸದವರ ಮನೆಗಳು. ಹನುಮವ್ವನ ಮನೆಗೆ ಬಂಡೆಯೇ ಹಿಂಗೋಡೆ, ಬಂಡೆಯಲ್ಲೊಂದು ಬಿರುಕು. ಆ ಬಿರುಕಿಗೆ ಅಡ್ಡಲಾಗಿ ಮೋನಪ್ಪ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಕೂರಿಸಿದ್ದ. ಗುಡ್ಡ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಜನರನ್ನು ಅಲ್ಲಿಂದ ಎಬ್ಬಿಸಬೇಕು. "ಹನುಮವ್ವ, ಈ ಗಾಜು ಜೋಪಾನ" ಎಂದಷ್ಟೇ ಅವಳಿಗೆ ಹೇಳಿದ್ದ. ವಾರವಾರ ತಾನೇ ಬಂದು ನೋಡುವವನು, ಉಳಿದದ್ದನ್ನು ಹೇಳಬೇಕೆಂದು ಅವನಿಗೆ ತೋರಲಿಲ್ಲ.

ಅಷ್ಟರಲ್ಲಿ ಕಾಲೇಜಿಗೆ ಪಟ್ಟಿಯ ಹುಚ್ಚು ಹಿಡಿಯಿತು. ಜಗತ್ತಿನ ಮುಂಚೂಣಿಯ ಭೂವಿಜ್ಞಾನಿಗಳ ಪಟ್ಟಿ ಅದು. ಯಾರ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರ ಮೇಲೆ ಸ್ಥಾನ. ಒಬ್ಬರ ಹೆಸರಾದರೂ ಅದರಲ್ಲಿ ಬರದಿದ್ದರೆ ವಿಭಾಗವನ್ನೇ ಮುಚ್ಚುತ್ತೇವೆ ಎಂದರು ಆಡಳಿತದವರು.

"ಏನೋ ಮೋನ್ಯಾ," ಎಂದ ಬೆಳಗಾವಿಯ ಸುಭಾಷ, ವಿಭಾಗದ ಮುಖ್ಯಸ್ಥ, ಹಳೆಯ ಗೆಳೆಯ. "ನಿನ್ನ ಗುಡ್ಡದ ಪೇಪರಿಗೆ ಎಷ್ಟ ಸೈಟೇಶನ್ ಬಂದಾವ?"

"ಒಂದೂ ಇಲ್ಲ ಮಾರಾಯ. ಗುಡ್ಡೆಗೆ ಓದ್ಲಿಕ್ಕೆ ಬರುದಿಲ್ಲ."

"ನಗಬ್ಯಾಡ. ಹುಡುಗ್ರು ಬೀದಿಗೆ ಬೀಳ್ತಾವ."

ಮೋನಪ್ಪ ಭಾನುವಾರಗಳನ್ನು ಕಂಪ್ಯೂಟರಿಗೆ ಕೊಟ್ಟ. ಪರದೇಶದ ತಂಡಗಳು ಉಪಗ್ರಹದ ಚಿತ್ರ ನೋಡಿ ಬರೆಯುವ ಪ್ರಬಂಧಗಳಲ್ಲಿ ತನ್ನದೊಂದು ಪಾಲು ಬರೆದ. ಉಲ್ಲೇಖಗಳ ಅಂಕೆ ಮೆಲ್ಲಗೆ ಏರತೊಡಗಿತು. ಬೆಳಿಗ್ಗೆ ಚಹಾಕ್ಕೆ ಮೊದಲೇ ಫೋನಿನಲ್ಲಿ ಅದನ್ನು ನೋಡುವ ಚಟ ಅಂಟಿತು. ಅದು ಅವನಿಗೆ ಹಿತವಾಗಿಯೂ ಇತ್ತು. ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದೇ ಸಲ ಗುಡ್ಡ ಹತ್ತಿದ, ಅದೂ ಅವಸರದಲ್ಲಿ. ಹನುಮವ್ವನ ಮನೆಯಲ್ಲಿ ಗಾಜು ಇಡಿಯಾಗಿ ಫಳಫಳ ಹೊಳೆಯುತ್ತಿತ್ತು. ಸಮಾಧಾನದಿಂದ ಇಳಿದು ಬಂದ.

ಆಷಾಢದ ಮಳೆಗೆ ಒಂದು ಮಧ್ಯಾಹ್ನ ಗುಡ್ಡ ಜರಿಯಿತು. ಹನುಮವ್ವ ನಲ್ಲಿಯ ಹತ್ತಿರ ಇದ್ದಳು. ಒಳಗೆ ಮಲಗಿದ್ದ ಅವಳ ಗಂಡ ಮರೆಪ್ಪ, ಅಕ್ಕಪಕ್ಕದ ಮನೆಯವರು, ಎಲ್ಲರೂ ಮಣ್ಣಿನಡಿ ಹೋದರು.

ಉಳಿದವರನ್ನು ಇರಿಸಿದ್ದ ಶಾಲೆಯಲ್ಲಿ ಮೋನಪ್ಪನನ್ನು ಕಂಡು ಅವಳೇ ಎದ್ದು ಬಂದಳು.

"ಸರ, ನಿಮ್ಮ ಗಾಜ ನಾ ಚಲೋ ಇಟ್ಟಿದ್ದೆರಿ. ಯುಗಾದಿ ಮುಂದ ಒಡದಿತ್ರಿ. ಒಡದ ಗಾಜ ಮನ್ಯಾಗ ಇರಬಾರದು, ಮನಿಗೆ ಕೇಡಂತಾರಲ್ರಿ? ಇವರು ಸೈಟಿನಿಂದ ಹೊಸಾದು ತಂದು ಸಿಮಿಟ್ ಹಚ್ಚಿ ಕೂಡಿಸಿದ್ರು. ಮತ್ತ ಒಡೀತು, ಮತ್ತ ಕೂಡಿಸಿದ್ರು. ಸರ ಜೋಪಾನ ಅಂದಾರ, ಅವ್ರಿಗಿ ಬ್ಯಾಸರ ಆಗಬಾರ್ದು ಅಂತಿದ್ರು."

ಮೋನಪ್ಪ ಮಕ್ಕಳ ಬೆಂಚಿನ ಮೇಲೆ ಕುಳಿತ.

"ತಪ್ಪಾತೇನ್ರಿ ಸರ?"

"ಇಲ್ಲ ಹನುಮವ್ವ. ನೀವು ಸರಿಯಾಗಿಯೇ ಮಾಡಿದಿರಿ."

ಗಾಜು ಇದ್ದದ್ದೇ ಒಡೆಯುವುದಕ್ಕೆ ಎಂದು ಅವಳಿಗೆ ಅವನು ಕೊನೆಯವರೆಗೂ ಹೇಳಲಿಲ್ಲ. ವಿನೋದಿನಿಗೆ ಹೇಳಿದ. ಸುಭಾಷನಿಗೆ, ಬಹಳ ತಡವಾಗಿ, ಹೇಳಿದ.

ಆಮೇಲೆ ನಡೆದದ್ದನ್ನು ಬರೆಯುವುದು ಕಷ್ಟ. ಆ ಗುಡ್ಡದ ಬಗ್ಗೆ ಮೊದಲೇ ಬರೆದವನು ಮೋನಪ್ಪ ಒಬ್ಬನೇ. ದುರಂತದ ನಂತರ ಅದರ ಬಗ್ಗೆ ಬರೆದವರೆಲ್ಲ, ಯಾರೂ ಓದದೆ ಬಿದ್ದಿದ್ದ ಅವನ ಆ ಹಳೆಯ ಪ್ರಬಂಧವನ್ನು ಉಲ್ಲೇಖಿಸಿದರು. ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಬಂತು. ವಿಭಾಗ ಉಳಿಯಿತು. ಸುಭಾಷ ಪೇಢಾ ಹಿಡಿದು ಓಡಿ ಬಂದ.

"ಬಂತಲ್ಲೋ ಮೋನ್ಯಾ! ಬಾಯಿ ತಗಿ!"

"ಯಾವ ಪೇಪರಿನಿಂದ?"

ಸುಭಾಷ ಹೇಳಿದ. ಆಗಲೇ ಮೋನಪ್ಪ ಗಾಜಿನ ಕಥೆ ಹೇಳಿದ್ದು. ಪೇಢಾವನ್ನು ಇಬ್ಬರೂ ಮುಟ್ಟಲಿಲ್ಲ.

ಆಮೇಲೆ ಅವನು ಪಾಠ ಮಾಡಿದ, ಉಂಡ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಗುಡ್ಡದ ಕಡೆಗೆ ಮಾತ್ರ ಕಾಲಿಡಲಿಲ್ಲ. ಚಳಿಗಾಲ ಮುಗಿಯುವ ಮೊದಲೇ, ವಡಾಲಕ್ಕೆ ಮರಳುವ ಲೋಕಲಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಪಕ್ಕದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಉತ್ತರಕ್ರಿಯೆಯ ದಿನ ವಿನೋದಿನಿ ಅವನ ಫೋನನ್ನು ತಂದು ಸುಭಾಷನ ಕೈಗಿಟ್ಟಳು. ನಿಮ್ಮ ಪ್ರಬಂಧವನ್ನು ಮತ್ತೊಬ್ಬರು ಉಲ್ಲೇಖಿಸಿದ್ದಾರೆ, ಅಭಿನಂದನೆ, ಎಂದು ಅದರಲ್ಲೊಂದು ಸಂದೇಶವಿತ್ತು. ಹಿಂದಿನ ವಾರವೂ ಬಂದಿತ್ತು.

"ಸುಭಾಷಣ್ಣ, ಇದನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ವಾ?"

ಸುಭಾಷ ಫೋನು ಆರಿಸಿದ. ಅದಕ್ಕಿಂತ ಹೆಚ್ಚೇನೂ ಅವನ ಕೈಯಲ್ಲಿರಲಿಲ್ಲ.