ಸಮ ಹೆಗಲು

ನನ್ನ ಎಡಹೆಗಲು ಬಲಕ್ಕಿಂತ ತಗ್ಗು. ಹುಟ್ಟಿನಿಂದಲೇ ಹಾಗೆ. ಆದರೆ ಕಾಲೇಜು ಮುಗಿಯುವವರೆಗೂ ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಒಬ್ಬರಿಗೇ, ಅರಂತೋಡಿನ ನಮ್ಮ ಟೈಲರ್ ಕಾಕನಿಗೆ. ಎಡಹೆಗಲಿನ ಒಳಗೆ ಬಟ್ಟೆಯ ಮಡಿಕೆ ಇಟ್ಟು, ಹೊಲಿಗೆಯನ್ನು ಎಲ್ಲಿ ಹೇಗೆ ಓರೆ ಮಾಡುತ್ತಿದ್ದರೋ ದೇವರಿಗೇ ಗೊತ್ತು. ಅವರು ಹೊಲಿದ ಚೂಡಿದಾರ ಹಾಕಿದರೆ ನಾನು ನೆಟ್ಟಗಿನ ಹುಡುಗಿ. ಆ ವಿಷಯವನ್ನು ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಅಳತೆ ತೆಗೆಯುವಾಗ, "ಎಂತ ಮಗಳೇ, ಅಮ್ಮ ಊಟ ಹಾಕುದಿಲ್ವಾ?" ಎಂದು ನಗಿಸುತ್ತಿದ್ದರು.

ಆಮೇಲೆ ಸುಳ್ಯದ ಪೇಟೆ ತುಂಬ ರೆಡಿಮೇಡ್ ಅಂಗಡಿಗಳು ಬಂದವು. ಸ್ಮಾಲ್, ಮೀಡಿಯಂ, ಲಾರ್ಜ್. ಲೋಕದಲ್ಲಿ ಇರುವುದೇ ಮೂರು ತರದ ಜನ ನೋಡಿ! ಅಗ್ಗ ಎಂದು ಎಲ್ಲರೂ ಅತ್ತ ಓಡಿದರು, ಕಾಕನ ಅಂಗಡಿಗೆ ಬಾಗಿಲು ಬಿತ್ತು. ಅವರು ಮಂಗಳೂರು ಕಡೆಯ ಒಂದು ಗಾರ್ಮೆಂಟ್ಸಿಗೆ ಸೇರಿ, ಭಾನುವಾರಕ್ಕೆ ಮಾತ್ರ ಊರಿಗೆ ಬರತೊಡಗಿದರು.

"ಅಲ್ಲಿ ಎಂತ ಹೊಲಿಯುದು ಕಾಕ?" ಎಂದು ಒಮ್ಮೆ ಕೇಳಿದ್ದೆ.

"ಹೊಲಿಯುದು ಎಲ್ಲಿಂದ ಮಾರಾಯ್ತಿ! ಕಾಲರಿಗೆ ಒಬ್ಬ, ಕೈಗೆ ಒಬ್ಬ. ನಾನು ಬೆಳಗ್ಗಿಂದ ಸಂಜೆವರೆಗೆ ಹೆಗಲು ಜೋಡಿಸುದು, ಅಷ್ಟೇ. ಎರಡೂ ಸಮ ಬರ್ಬೇಕು. ಒಂದು ನೂಲು ಹೆಚ್ಚುಕಮ್ಮಿ ಆದ್ರೆ ಸೂಪರ್‌ವೈಸರ್ ಮುಖಕ್ಕೆ ಬಿಸಾಡ್ತಾನೆ."

ಕಳೆದ ವರ್ಷ ಪುತ್ತೂರಿನ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಎಲ್ಲರಿಗೂ ಒಂದೇ ಬಗೆಯ ಸೀರೆ, ರವಿಕೆ. ಹೊಸ ಜಾಗದಲ್ಲಿ ಹೆಗಲು ಯಾರ ಕಣ್ಣಿಗೂ ಬೀಳಬಾರದೆಂದು ನನ್ನ ಜೀವ ಒದ್ದಾಡುತ್ತಿತ್ತು. ರವಿಕೆ ಬಟ್ಟೆಯನ್ನು, ಅಳತೆ ಬರೆದ ಚೀಟಿ ಸಮೇತ, ಕಾಕನ ಮನೆಯಲ್ಲಿ ಕೊಟ್ಟುಬಂದೆ. ಸೋಮವಾರ ಕೆಲಸಕ್ಕೆ ಸೇರಬೇಕು. ಭಾನುವಾರ ಸಂಜೆ ತರಲು ಹೋದೆ.

"ನೋಡು, ಫ್ಯಾಕ್ಟರಿ ಮಾಲಿನ ಹಾಗೆ ಉಂಟು!" ಎಂದು ಹೆಮ್ಮೆಯಿಂದ ಕೊಟ್ಟರು. ಒಳಗೆ ಹೋಗಿ ಹಾಕಿಕೊಂಡು ಕನ್ನಡಿ ನೋಡಿದೆ. ಎರಡು ಹೆಗಲನ್ನೂ ಸಮ ಹೊಲಿದಿದ್ದರು. ಎಡಗಡೆ ಬಟ್ಟೆ ಜೋತುಬಿದ್ದಿತ್ತು.

ಹೊರಗೆ ಬಂದು, "ಕಾಕ, ನನ್ನ ಹೆಗಲು..." ಎಂದೆ.

ಅವರು ತಲೆ ಎತ್ತಿ ನೋಡಿದರು. "ಯಾ ಅಲ್ಲಾ! ಕೈ ತಾನಾಗಿ ಹೋಯ್ತು ಮಗಳೇ." ನಾನು ಒಳಗೆ ಹೋಗಿ ಕಳಚಿ ತಂದ ರವಿಕೆಯನ್ನು ಅವಸರದಲ್ಲಿ ಈಸಿಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಮಡಿಕೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಕೊನೆಗೆ ನನ್ನನ್ನೇ ಕೇಳಿದರು: "ಎಷ್ಟು ಇಡ್ತಿದ್ದೆ ನಾನು?"

ನನಗೆ ಹೇಗೆ ಗೊತ್ತು? ಬಿಚ್ಚಿ ನೋಡಲು ಹಳೆಯ ಚೂಡಿದಾರ ಒಂದೂ ಉಳಿದಿರಲಿಲ್ಲ. ನನಗೂ ತಿಳಿಯಗೊಡದ ಹಾಗೆ ಅಲ್ಲವೇ ಅವರು ಹೊಲಿದದ್ದು! ಆ ಫ್ಯಾಕ್ಟರಿಯ ಮೇಲೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ, ಅವರು ಅಂದಾಜಿನಲ್ಲಿ ಹೊಲಿದುಕೊಟ್ಟ ರವಿಕೆಯನ್ನೇ ತೊಟ್ಟು, ಸೆರಗನ್ನು ಎರಡೂ ಹೆಗಲಿಗೆ ಹೊದ್ದು ಕ್ಲಾಸಿಗೆ ಹೋದೆ. ಬೋರ್ಡಿನಲ್ಲಿ ಬರೆಯಲು ಕೈ ಎತ್ತಿದಾಗ ಅದು ಜಾರಿತು. ಮುಂದಿನ ಬೆಂಚಿನ ಪುಟ್ಟ ಹುಡುಗಿ ಕೇಳಿದಳು: "ಟೀಚರ್, ನಿಮ್ಮ ಹೆಗಲು ಯಾಕೆ ಹಾಗೆ ಉಂಟು?"